ವ್ಯಸನದ ಮೊದಲ ಕಂಪನಗಳು

ಗೌರಿಬಿದನೂರಿನ ಸಮೀಪದಲ್ಲಿ, ಗಟ್ಟಿಯಾದ ಬಂಡೆನೆಲದ ಮೇಲೆ, ಭೂಕಂಪಮಾಪಕಗಳ ಒಂದು ವ್ಯೂಹವುಂಟು. 1965ರಲ್ಲಿ ಸ್ಥಾಪಿತವಾದ ಈ ವ್ಯೂಹವನ್ನು ಭಾಭಾ ಪರಮಾಣು ಸಂಶೋಧನ ಕೇಂದ್ರವು ನಡೆಸುತ್ತದೆ. ಇಂಗ್ಲಿಷಿನ 'ಎಲ್' ಅಕ್ಷರದಂತೆ ಒಂದಕ್ಕೊಂದು ಲಂಬವಾಗಿ ಚಾಚಿರುವ ಎರಡು ಬಾಹುಗಳಲ್ಲಿ ಇಪ್ಪತ್ತು ಮಾಪಕಗಳನ್ನು ಹೂಡಿದ್ದಾರೆ. ಸಾವಿರಾರು ಮೈಲಿಗಳ ಆಚೆ ನೆಲ ನಡುಗಿದಾಗ ಆ ಅಲೆ ನಮ್ಮ ನಾಡನ್ನು ಮುಟ್ಟುವ ವೇಳೆಗೆ ಬಹಳ ಕ್ಷೀಣವಾಗಿರುತ್ತದೆ. ಗಾಳಿ, ಲಾರಿ, ರೈಲು ಮುಂತಾದುವು ಎಬ್ಬಿಸುವ ಅದುರಾಟದಲ್ಲಿ ಅದು ಹುದುಗಿಹೋಗುತ್ತದೆ. ಒಂದೇ ಮಾಪಕವನ್ನು ನೋಡುವವನಿಗೆ ಅದು ಕಾಣದು. ಆದರೆ ಇಪ್ಪತ್ತು ಮಾಪಕಗಳ ಬರೆಹವನ್ನು ತಕ್ಕ ಕಾಲವ್ಯತ್ಯಾಸವನ್ನು ಸರಿಪಡಿಸಿ ಕೂಡಿಸಿದರೆ, ಗೊತ್ತುಗುರಿಯಿಲ್ಲದ ಗದ್ದಲವು ಬಹುಮಟ್ಟಿಗೆ ಒಂದನ್ನೊಂದು ಕಳೆದುಕೊಳ್ಳುತ್ತದೆ. ನಿಜವಾದ ಸಂಕೇತವು ಮೇಲೆದ್ದು ನಿಲ್ಲುತ್ತದೆ. ಗದ್ದಲಕ್ಕೆ ಹೋಲಿಸಿದಾಗ ಸಂಕೇತದ ಬಲವು ಮಾಪಕಗಳ ಸಂಖ್ಯೆಯ ವರ್ಗಮೂಲದಷ್ಟು, ಎಂದರೆ ಇಲ್ಲಿ ಸುಮಾರು ನಾಲ್ಕೂವರೆ ಪಟ್ಟು, ಹೆಚ್ಚುತ್ತದೆ.

ನಮ್ಮ ಇಂದಿನ ವಿಷಯ ಭೂಕಂಪವಲ್ಲ. ಮದ್ಯ, ತಂಬಾಕು, ಗಾಂಜಾ, ನೋವಿನ ಮಾತ್ರೆ, ಮೂಸುವ ದ್ರಾವಕ ಇವುಗಳ ಬಲೆಗೆ ಎಳೆಯರು ಬೀಳುವುದು, ಅವರನ್ನು ಆ ಬಲೆಯಿಂದ ಬಿಡಿಸುವುದು, ಅದಕ್ಕಾಗಿ ಸರ್ಕಾರವು ಹಣವನ್ನು ಹೇಗೆ ವೆಚ್ಚಮಾಡಬೇಕೆಂಬುದು, ಇದು ನಮ್ಮ ವಿಷಯ. ಆದರೂ ಗೌರಿಬಿದನೂರಿನ ಮಾಪಕಗಳನ್ನು ಮೊದಲಿಗೇ ನೆನೆದುದಕ್ಕೆ ಕಾರಣವಿದೆ. ವ್ಯಸನವೂ ಒಮ್ಮೆಗೇ ಮೇಲೆ ಬೀಳುವ ಆಪತ್ತಲ್ಲ. ಅದು ಮೊದಲು ಸಣ್ಣ ಸಣ್ಣ ಕಂಪನಗಳಾಗಿ ತೋರಿಕೊಳ್ಳುತ್ತದೆ. ಆ ಕಂಪನಗಳನ್ನು ಗುರುತಿಸಬಲ್ಲ ವ್ಯೂಹವೊಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಊರುಗಳಲ್ಲಿ ಇರಬೇಕಾದರೆ ಏನೇನು ಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೆದುಳಿನಲ್ಲಿ ನಡೆಯುವುದೇನು?

1954ರಲ್ಲಿ ಕೆನಡಾ ದೇಶದ ಮಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಯ ಮೆದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ತೆಳುವಾದ ತಂತಿಯನ್ನು ಇಳಿಸಿ, ಇಲಿಯು ತಾನೇ ಒಂದು ಸನ್ನೆಯನ್ನು ಒತ್ತಿದಾಗ ಅಲ್ಪ ಪ್ರಮಾಣದ ವಿದ್ಯುತ್ತು ಅಲ್ಲಿ ಹರಿಯುವಂತೆ ಅವರು ಏರ್ಪಡಿಸಿದ್ದರು. ಇಲಿಗಳು ಆ ಸನ್ನೆಯನ್ನು ಗಂಟೆಗೆ ನೂರಾರು ಬಾರಿ ಒತ್ತತೊಡಗಿದುವು. ಒಂದು ಕೆಲಸವನ್ನು 'ಮತ್ತೆ ಮಾಡು' ಎಂದು ಪ್ರೇರಿಸುವ ನರಮಾರ್ಗವೊಂದು ಮೆದುಳಿನಲ್ಲಿದೆ ಎಂಬುದು ಇದರಿಂದ ತಿಳಿಯಿತು. ಈ ಮಾರ್ಗದಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನು ಒಯ್ಯುವ ಮುಖ್ಯ ರಾಸಾಯನಿಕಕ್ಕೆ ಡೋಪಮಿನ್ ಎಂದು ಹೆಸರು.

ಹಸಿದಾಗ ಉಣ್ಣುವುದು, ಗೆಳೆಯರೊಡನೆ ಆಡುವುದು, ಕಠಿಣವಾದ ಲೆಕ್ಕವೊಂದನ್ನು ಬಿಡಿಸುವುದು ಇವೆಲ್ಲವೂ ಈ ಮಾರ್ಗವನ್ನು ಹಿತಮಿತವಾಗಿ ಎಚ್ಚರಿಸುತ್ತವೆ. ಮಾದಕ ವಸ್ತುಗಳು ಮಾಡುವುದೂ ಇದನ್ನೇ. ಆದರೆ ಅಡ್ಡದಾರಿಯಿಂದ, ಅಳತೆಮೀರಿ. ಪದೇ ಪದೇ ಹೀಗಾದರೆ ನರಕೋಶಗಳು ತಮ್ಮನ್ನು ತಾವೇ ತಗ್ಗಿಸಿಕೊಂಡು ಆ ಅತಿಪ್ರಚೋದನೆಗೆ ಒಗ್ಗಿಕೊಳ್ಳುತ್ತವೆ. ಆಮೇಲೆ ಮೊದಲಿನಷ್ಟೇ ಸುಖಕ್ಕೆ ಹೆಚ್ಚು ಹೆಚ್ಚು ವಸ್ತು ಬೇಕಾಗುತ್ತದೆ. ಊಟ, ಆಟ, ಓದುಗಳ ಸಹಜ ಸುಖವು ಸಪ್ಪೆಯೆನಿಸುತ್ತದೆ. ವಸ್ತುವನ್ನು ಬಿಟ್ಟರೆ ಮೈನಡುಕ, ನಿದ್ರಾಭಂಗ, ಕಳವಳಗಳು ಕಾಡುತ್ತವೆ. ಈ ಸ್ಥಿತಿಗೆ ವೈದ್ಯರು ಅವಲಂಬನೆ ಎನ್ನುತ್ತಾರೆ. ಇದು ನಡತೆಯ ದೋಷವೆನ್ನುವುದಕ್ಕಿಂತ ಮೆದುಳಿನ ಕಾಯಿಲೆಯೆನ್ನುವುದೇ ಸರಿ.

ಹದಿಹರೆಯದವರಲ್ಲಿ ಅಪಾಯವು ಹೆಚ್ಚೇಕೆ? ಸುಖವನ್ನು ಅರಸುವ ನರಮಾರ್ಗವು ಹದಿಹರೆಯದಲ್ಲಿಯೇ ಬಲವಾಗಿ ಎಚ್ಚರಗೊಳ್ಳುತ್ತದೆ. ಹಿಂದುಮುಂದನ್ನು ಆಲೋಚಿಸಿ ತಡೆಹಿಡಿಯುವ ಕೆಲಸ ಹಣೆಯ ಹಿಂಬದಿಯಲ್ಲಿರುವ ಮೆದುಳಿನ ಮುಂಭಾಗದ್ದು. ಅದು ಪೂರ್ತಿಯಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಎಳೆಯ ಹೋರಿಗೆ ಮೈಬಲ ಮೊದಲು ಬರುತ್ತದೆ, ನೊಗಕ್ಕೆ ಒಗ್ಗುವ ಬುದ್ಧಿ ಆಮೇಲೆ ಬರುತ್ತದೆ ಎಂಬುದನ್ನು ನಮ್ಮ ರೈತರು ಬಲ್ಲರು. ಮನುಷ್ಯನ ಮೆದುಳಿನ ಬೆಳವಣಿಗೆಯೂ ಹೀಗೆಯೇ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡದೊಂದು ಸಮೀಕ್ಷೆಯ ಪ್ರಕಾರ, ಹದಿನೈದು ವರ್ಷ ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಜೀವಮಾನದಲ್ಲೊಮ್ಮೆ ಮದ್ಯದ ಅವಲಂಬನೆಗೆ ಸಿಕ್ಕಿದ್ದರು; ಇಪ್ಪತ್ತು ತುಂಬಿದ ಮೇಲೆ ಆರಂಭಿಸಿದವರಲ್ಲಿ ಆ ಸಂಖ್ಯೆ ಸುಮಾರು 10. ಬೇಗನೆ ಆರಂಭಿಸುವವರ ಮನೆಯ ಪರಿಸ್ಥಿತಿ, ಮನೋಧರ್ಮಗಳೂ ಇದರಲ್ಲಿ ಸೇರಿರಬಹುದು. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸುವಂತಿಲ್ಲ.

ಅರ್ಧಾಯು ಕಲಿಸುವ ಪಾಠ

ವಿಕಿರಣಶೀಲ ವಸ್ತುಗಳ ಪಾಠದಲ್ಲಿ ವಿದ್ಯಾರ್ಥಿಗಳು 'ಅರ್ಧಾಯು' ಎಂಬ ಮಾತನ್ನು ಓದಿರುತ್ತಾರೆ. ರಕ್ತದಲ್ಲಿರುವ ಔಷಧಗಳಿಗೂ ಈ ಲೆಕ್ಕ ಬಹುಮಟ್ಟಿಗೆ ಅನ್ವಯಿಸುತ್ತದೆ. ತಂಬಾಕಿನ ನಿಕೋಟಿನ್ ಎಂಬ ವಸ್ತುವಿನ ಅರ್ಧಾಯು ಸುಮಾರು ಎರಡು ಗಂಟೆ. ಎಂದರೆ ಎರಡು ಗಂಟೆಗಳಲ್ಲಿ ಅದು ಅರ್ಧಕ್ಕೂ, ನಾಲ್ಕು ಗಂಟೆಗಳಲ್ಲಿ ಕಾಲುಭಾಗಕ್ಕೂ, ಎಂಟು ಗಂಟೆಗಳಲ್ಲಿ ಹದಿನಾರನೆಯ ಒಂದು ಭಾಗಕ್ಕೂ ಇಳಿಯುತ್ತದೆ. ಬೀಡಿ ಸಿಗರೇಟು ಸೇದುವವನಿಗೆ ಬೆಳಗ್ಗೆ ಎದ್ದ ಕೂಡಲೆ ಅದರ ನೆನಪಾಗುವುದು ಇದರಿಂದಲೇ. ಮದ್ಯದ ರೀತಿ ಬೇರೆ. ಯಕೃತ್ತು ಅದನ್ನು ಗಂಟೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಾತ್ರ ಕರಗಿಸಬಲ್ಲುದು. ಎರಡರಷ್ಟು ಕುಡಿದವನಿಗೆ ಎರಡರಷ್ಟು ಹೊತ್ತು ಬೇಕು.

ಈ ಲೆಕ್ಕದಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ನಿಕೋಟಿನ್ ಮತ್ತು ಮದ್ಯ ಒಂದೆರಡು ದಿನಗಳಲ್ಲಿ ಮೈಯಿಂದ ಹೊರಟುಹೋಗುತ್ತವೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಕೆಲವು ವಾರಗಳು ನಿಲ್ಲಬಹುದು. ಆದರೆ ಒಗ್ಗಿಹೋದ ನರಮಾರ್ಗಗಳು ಮೊದಲಿನ ಸ್ಥಿತಿಗೆ ಮರಳುವುದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಆದಕಾರಣ ರೋಗಿಯನ್ನು ಒಂದು ವಾರ ಆಸ್ಪತ್ರೆಯಲ್ಲಿಟ್ಟು ಮೈಯನ್ನು ಶುದ್ಧಿಮಾಡಿ ಕಳುಹಿಸುವುದು ಚಿಕಿತ್ಸೆಯ ಆರಂಭವೇ ಹೊರತು ಮುಕ್ತಾಯವಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಒಂದು ವರ್ಷದೊಳಗೆ ಮತ್ತೊಮ್ಮೆ ಜಾರುವುದುಂಟು. ಇದನ್ನು ಕೇಳಿ ಕೈಚೆಲ್ಲಬೇಕಾಗಿಲ್ಲ. ರಕ್ತದ ಒತ್ತಡ, ಗೂರಲು ಮುಂತಾದ ದೀರ್ಘಕಾಲದ ರೋಗಗಳಲ್ಲಿಯೂ ಚಿಕಿತ್ಸೆಯನ್ನು ನಡುವೆ ಬಿಟ್ಟವರು ಮತ್ತೆ ಹಾಸಿಗೆ ಹಿಡಿಯುವ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಅಂಥ ರೋಗಗಳಲ್ಲಿ ನಾವು ರೋಗಿಯನ್ನು ದೂಷಿಸುವುದಿಲ್ಲ. ಮತ್ತೆ ವೈದ್ಯರ ಬಳಿಗೆ ಕಳುಹಿಸುತ್ತೇವೆ.

ಮೊದಲ ಹಂತದ ನೆರವು

ವ್ಯಸನಕ್ಕೆ ಮೆಟ್ಟಿಲುಗಳುಂಟು. ಕುತೂಹಲದಿಂದ ಒಮ್ಮೆ ರುಚಿನೋಡುವುದು ಮೊದಲನೆಯದು. ಗೆಳೆಯರ ಕೂಟದಲ್ಲಿ ಆಗಾಗ ಬಳಸುವುದು ಎರಡನೆಯದು. ಓದು, ಆರೋಗ್ಯ, ಮನೆಯ ನೆಮ್ಮದಿ ಕೆಡುತ್ತಿದ್ದರೂ ಬಿಡದಿರುವುದು ಮೂರನೆಯದು. ಕೊನೆಯದು ಅವಲಂಬನೆ. ಮೊದಲ ಮೆಟ್ಟಿಲಲ್ಲಿರುವವರು ಬಹುಮಂದಿ, ಕೊನೆಯದರಲ್ಲಿರುವವರು ಕೆಲವರು. ಮೊದಲನೆಯದನ್ನು ಏರಿದವರೆಲ್ಲರೂ ಕೊನೆಯದನ್ನು ತಲಪುವುದಿಲ್ಲ. ಆದರೆ ಕೆಳಗಿನ ಮೆಟ್ಟಿಲಿನಿಂದ ಇಳಿಸುವುದು ಸುಲಭ. ಮೇಲಿನದರಿಂದ ಇಳಿಸುವುದಕ್ಕೆ ಆಸ್ಪತ್ರೆ, ಔಷಧ, ತಜ್ಞರು, ದೀರ್ಘಕಾಲ ಎಲ್ಲವೂ ಬೇಕು. ಎರಡನೆಯ, ಮೂರನೆಯ ಮೆಟ್ಟಿಲುಗಳಲ್ಲಿರುವಾಗಲೇ ಕೈನೀಡುವುದನ್ನು ಮೊದಲ ಹಂತದ ನೆರವು ಎನ್ನಬಹುದು.

ಈ ನೆರವಿನ ವಿಧಾನ ಸರಳವಾದುದು. ವಿಶ್ವ ಆರೋಗ್ಯ ಸಂಸ್ಥೆಯು ಮದ್ಯಪಾನದ ಬಗೆಗೆ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಿದೆ. ಇತರ ವಸ್ತುಗಳಿಗೂ ಇಂಥ ಪಟ್ಟಿಗಳಿವೆ. ಎಷ್ಟು ದಿನಕ್ಕೊಮ್ಮೆ, ಒಮ್ಮೆಗೆ ಎಷ್ಟು, ಅದರಿಂದ ಕೆಲಸ ಕೆಟ್ಟುದುಂಟೇ, ಮನೆಯವರು ಆತಂಕಪಟ್ಟುದುಂಟೇ, ಈ ಬಗೆಯ ಪ್ರಶ್ನೆಗಳಿಗೆ ಬಂದ ಉತ್ತರಗಳಿಗೆ ಅಂಕಗಳನ್ನು ಕೂಡಿಸಿದರೆ ಆತನು ಯಾವ ಮೆಟ್ಟಿಲಲ್ಲಿದ್ದಾನೆಂಬುದರ ಅಂದಾಜು ಸಿಕ್ಕುತ್ತದೆ. ಅಪಾಯ ಕಡಮೆಯಿದ್ದರೆ ತಿಳಿವಳಿಕೆಯ ನಾಲ್ಕು ಮಾತು ಸಾಕು. ಮಧ್ಯಮವಾಗಿದ್ದರೆ ಹತ್ತು ಹದಿನೈದು ನಿಮಿಷಗಳ ಸ್ನೇಹಪೂರ್ವಕವಾದ ಮಾತುಕತೆ. ಅದರಲ್ಲಿ ಗದರಿಕೆಯಿಲ್ಲ, ಉಪದೇಶವಿಲ್ಲ. ಬಿಡುವುದಕ್ಕೆ ತನಗಿರುವ ಕಾರಣಗಳನ್ನು ಆ ಹುಡುಗನ ಬಾಯಿಂದಲೇ ಹೊರಡಿಸಿ, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡುತ್ತಾರೆ. ಅಪಾಯ ಹೆಚ್ಚಾಗಿದ್ದರೆ ಮಾತ್ರ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ಇಲ್ಲಿಯೇ ಭೂಕಂಪಮಾಪಕಗಳ ಹೋಲಿಕೆ ನೆರವಿಗೆ ಬರುತ್ತದೆ. ಪದೇ ಪದೇ ತರಗತಿಗೆ ಬಾರದಿರುವುದನ್ನು ಅಧ್ಯಾಪಕರು ಕಾಣುತ್ತಾರೆ. ಊಟ ನಿದ್ರೆಗಳ ಕ್ರಮ ತಪ್ಪಿದುದನ್ನು ತಾಯಿ ಕಾಣುತ್ತಾಳೆ. ಹೊಸ ಸಾಲಗಳನ್ನು ಗೆಳೆಯರು ಬಲ್ಲರು. ಆಟದ ಮೈದಾನಕ್ಕೆ ಬರುವುದು ನಿಂತುದನ್ನು ಆಟದ ಮೇಷ್ಟ್ರು ಬಲ್ಲರು. ಇವುಗಳಲ್ಲಿ ಯಾವುದೊಂದೂ ಸಾಕ್ಷ್ಯವಲ್ಲ. ಪರೀಕ್ಷೆಯ ಭಯ, ಮನೆಯ ಬಡತನ, ಪ್ರೇಮಭಂಗ ಇವುಗಳಿಂದಲೂ ಹೀಗಾಗುವುದುಂಟು. ಒಂದೇ ಮಾಪಕದ ಅದುರಾಟವನ್ನು ಕಂಡು ಭೂಕಂಪವೆಂದು ಕೂಗುವುದು ಹೇಗೆ ತಪ್ಪೋ, ಒಂದೇ ಚಿಹ್ನೆಯನ್ನು ಕಂಡು ಎಳೆಯನೊಬ್ಬನಿಗೆ ವ್ಯಸನಿಯೆಂಬ ಹಣೆಪಟ್ಟಿ ಕಟ್ಟುವುದೂ ಹಾಗೆಯೇ ತಪ್ಪು. ಎಲ್ಲರಿಗೂ ಕಂಡುದನ್ನು ಗುಟ್ಟಾಗಿ ಒಂದೆಡೆ ಕೂಡಿಸಿ, ಕರುಣೆಯಿಂದ ವಿಚಾರಿಸಬಲ್ಲ ಒಬ್ಬ ತರಬೇತಿ ಹೊಂದಿದ ವ್ಯಕ್ತಿ ಇರಬೇಕು. ಆ ವ್ಯಕ್ತಿಗೆ ವೇತನವಿರಬೇಕು. ಹಣದ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಕೊರತೆ ಎಷ್ಟು?

2016ರ ಡಿಸೆಂಬರ್ ತಿಂಗಳಲ್ಲಿ, ಬಚಪನ್ ಬಚಾವೋ ಆಂದೋಲನವೆಂಬ ಸಂಸ್ಥೆಯು ಹೂಡಿದ್ದ ಮೊಕದ್ದಮೆಯಲ್ಲಿ, ಮಕ್ಕಳ ಮಾದಕ ವ್ಯಸನದ ಬಗೆಗೆ ದೇಶದಾದ್ಯಂತ ಸಮೀಕ್ಷೆ ನಡೆಸಬೇಕೆಂದೂ ರಾಷ್ಟ್ರೀಯ ಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರಕ್ಕೆ ಆದೇಶವಿತ್ತಿತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2018ರಲ್ಲಿ ನಡೆದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಿತ್ತು. ಹತ್ತರಿಂದ ಎಪ್ಪತ್ತೈದು ವರ್ಷ ವಯಸ್ಸಿನವರಲ್ಲಿ ಶೇಕಡಾ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯವನ್ನು ಸೇವಿಸುತ್ತಾರೆ. ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ಈ ಪ್ರಮಾಣ ಶೇಕಡಾ 1.3. ದ್ರಾವಕಗಳನ್ನು ಮೂಸುವ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು: ದೊಡ್ಡವರಲ್ಲಿ ಶೇಕಡಾ 0.58, ಮಕ್ಕಳಲ್ಲಿ 1.17. ಸುಮಾರು 4.6 ಲಕ್ಷ ಮಕ್ಕಳಿಗೆ ಈ ಒಂದು ಚಟದ ಸಲುವಾಗಿಯೇ ನೆರವು ಬೇಕೆಂದು ವರದಿ ಹೇಳಿತು. ಈ ದ್ರಾವಕಗಳು ಕೊಬ್ಬನ್ನು ಕರಗಿಸುವಂಥವು. ನರತಂತುಗಳ ಮೇಲಿನ ಹೊದಿಕೆಯು ಬಹುಮಟ್ಟಿಗೆ ಕೊಬ್ಬಿನಿಂದಾದುದು. ಅವುಗಳಿಂದ ಹೃದಯದ ಬಡಿತ ತಪ್ಪಿ ಥಟ್ಟನೆ ಸಾವು ಒದಗುವುದೂ ಉಂಟು.

ಇನ್ನು ಚಿಕಿತ್ಸೆಯ ಮಾತು. ಅದೇ ವರದಿಯಂತೆ, ಮದ್ಯದ ಅವಲಂಬನೆಗೆ ಸಿಕ್ಕಿದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು; ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು 180 ಮಂದಿಯಲ್ಲಿ ಒಬ್ಬ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯಸಂಬಂಧವಾದ ಕಾಯಿಲೆಯುಳ್ಳವರಲ್ಲಿ ನೂರಕ್ಕೆ 86 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದಾರೆಂದು ತಿಳಿಸಿತು. ಎರಡು ಸಮೀಕ್ಷೆಗಳ ಅಳತೆಗೋಲು ಬೇರೆಯಾದುದರಿಂದ ಅಂಕಿಗಳು ಬೇರೆಯಾಗಿವೆ. ಎರಡೂ ತೋರಿಸುವ ದಿಕ್ಕು ಒಂದೇ.

ಹಣ ಬಂದ ದಾರಿ

ಸಾರ್ವಜನಿಕರ ಆರೋಗ್ಯಕ್ಕೆ ಕೇಡುಂಟುಮಾಡುವ ಮಾದಕ ಪಾನೀಯಗಳನ್ನೂ ಔಷಧಗಳನ್ನೂ, ಚಿಕಿತ್ಸೆಗಾಗಿ ಹೊರತು, ತಡೆಯಲು ರಾಜ್ಯವು ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದ ಹೇಳುತ್ತದೆ. 1985ರ ಮಾದಕ ದ್ರವ್ಯಗಳ ಕಾನೂನು ಅಪರಾಧಿಗಳಿಗೆ ಶಿಕ್ಷೆಯನ್ನು ಗೊತ್ತುಮಾಡಿದುದಲ್ಲದೆ, ವ್ಯಸನಿಗಳ ಚಿಕಿತ್ಸೆಗೆ ಕೇಂದ್ರಗಳನ್ನು ತೆರೆಯುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. 1989ರ ತಿದ್ದುಪಡಿಯಿಂದ ಇದಕ್ಕಾಗಿ ಒಂದು ರಾಷ್ಟ್ರೀಯ ನಿಧಿಯೂ ಏರ್ಪಟ್ಟಿತು.

1980ರ ದಶಕದ ಕೊನೆಯಲ್ಲಿ ಕೇಂದ್ರದ ಆರೋಗ್ಯ ಇಲಾಖೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಕೇಂದ್ರಗಳನ್ನು ತೆರೆಯುವ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ದೇಶದಲ್ಲಿ ನೂರಕ್ಕೂ ಮೇಲ್ಪಟ್ಟು ಕೇಂದ್ರಗಳು ಇದರ ಅಡಿಯಲ್ಲಿ ಎದ್ದುವು. ಕಟ್ಟಡಕ್ಕೂ ಉಪಕರಣಗಳಿಗೂ ಕೇಂದ್ರವು ಒಂದು ಸಲಕ್ಕೆಂದು ಅನುದಾನವನ್ನು ಕೊಟ್ಟಿತು. ವರ್ಷವರ್ಷವೂ ಬೇಕಾಗುವ ಸಂಬಳ, ಔಷಧ, ತರಬೇತಿಗಳ ವೆಚ್ಚವನ್ನು, ಈಶಾನ್ಯ ಭಾರತವನ್ನು ಬಿಟ್ಟರೆ, ಆಯಾ ರಾಜ್ಯಗಳೇ ಹೊರಬೇಕಾಗಿತ್ತು. ಅನೇಕ ಕಡೆಗಳಲ್ಲಿ ಆ ಎರಡನೆಯ ಹಣ ಸಾಕಷ್ಟು ಬರಲಿಲ್ಲ. ಮುಂದೆ ಪರಿಶೀಲಿಸಿದಾಗ ಹಲವು ಕೇಂದ್ರಗಳು ಕೆಲಸ ಮಾಡುತ್ತಿರಲಿಲ್ಲವೆಂಬುದು ಕಂಡುಬಂತು.

ಇದು ನಮ್ಮ ಭಾಗದವರಿಗೆ ಸುಲಭವಾಗಿ ಅರ್ಥವಾಗಬೇಕಾದ ಸಂಗತಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆಗಳನ್ನು ಕಟ್ಟಿ ಬಾಳಿದರು. ಏರಿಯನ್ನು ಒಮ್ಮೆ ಕಟ್ಟಿದ ಮಾತ್ರಕ್ಕೆ ಕೆರೆ ಆಗುವುದಿಲ್ಲ. ನೀರು ಬರುವ ಕಾಲುವೆ ತೆರೆದಿರಬೇಕು, ಹೂಳನ್ನು ಎತ್ತುತ್ತಿರಬೇಕು, ತೂಬನ್ನು ನೋಡಿಕೊಳ್ಳುವ ನೀರುಗಂಟಿಗೆ ಅವನ ಪಾಲು ಸಲ್ಲುತ್ತಿರಬೇಕು. ವ್ಯಸನಮುಕ್ತಿ ಕೇಂದ್ರದ ಕಟ್ಟಡವೆಂಬುದು ಕೆರೆಯ ಏರಿ. ಮನೋವೈದ್ಯ, ದಾದಿ, ಆಪ್ತಸಮಾಲೋಚಕ, ಔಷಧ ಇವೇ ನೀರು. ಮೇಲೆ ಹೇಳಿದಂತೆ ಚಿಕಿತ್ಸೆಗೆ ವರ್ಷಗಟ್ಟಲೆ ಕಾಲ ಬೇಕು. ಹಣವು ಒಂದು ವರ್ಷ ಬಂದು ಮರುವರ್ಷ ನಿಂತರೆ ಚಿಕಿತ್ಸೆಯೂ ನಡುವೆ ನಿಲ್ಲುತ್ತದೆ. ರೋಗಿಯು ಮತ್ತೆ ಜಾರುತ್ತಾನೆ. 'ಚಿಕಿತ್ಸೆಯಿಂದ ಫಲವಿಲ್ಲ' ಎಂಬ ಮಾತು ಊರಲ್ಲಿ ಹಬ್ಬುತ್ತದೆ.

ಕರ್ನಾಟಕವು ಈ ವಿಷಯದಲ್ಲಿ ದೇಶಕ್ಕೆ ದಾರಿತೋರಿದ ಒಂದು ನಿದರ್ಶನವೂ ಉಂಟು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿಯನ್ನಿತ್ತು, ಕೆಲವೇ ಅಗತ್ಯ ಔಷಧಗಳನ್ನು ಒದಗಿಸಿ, ಮಾನಸಿಕ ಕಾಯಿಲೆಗಳ ಚಿಕಿತ್ಸೆಯು ಹಳ್ಳಿಯ ಹತ್ತಿರದಲ್ಲಿಯೇ ಸಾಧ್ಯವೆಂಬುದನ್ನು ತೋರಿಸಿತು. ಇದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಇಂದು ಅದು ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಇದೆ. 2014ರಲ್ಲಿ ರಾಜ್ಯ ಸರ್ಕಾರವು 'ಮನೋಚೈತನ್ಯ' ಎಂಬ ಯೋಜನೆಯಿಂದ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಕಳುಹಿಸುವ ಏರ್ಪಾಡನ್ನು ಮಾಡಿತು. ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ನೆರವಿನಿಂದ ಅದೇ ದಶಕದಲ್ಲಿ ಆರಂಭಿಸಿದ 'ಯುವ ಸ್ಪಂದನ'ದಲ್ಲಿ ತರಬೇತಿ ಹೊಂದಿದ ತರುಣರೇ ತಮ್ಮ ವಯಸ್ಸಿನವರಿಗೆ ಸಲಹೆಗಾರರಾದರು. ಚಿಕ್ಕಬಳ್ಳಾಪುರದಿಂದ ನಿಮ್ಹಾನ್ಸ್‌ಗೆ ಸುಮಾರು 60 ಕಿಲೋಮೀಟರು. ಗೌರಿಬಿದನೂರು, ಚಿಂತಾಮಣಿಗಳಿಂದ ಇನ್ನೂ ಹೆಚ್ಚು. ದಿನಗೂಲಿಯನ್ನು ಬಿಟ್ಟು ಮಗನನ್ನು ತಿಂಗಳು ತಿಂಗಳೂ ಅಲ್ಲಿಗೆ ಕರೆದೊಯ್ಯಬೇಕಾದ ತಂದೆಗೆ ಬಸ್ಸಿನ ಖರ್ಚೇ ಚಿಕಿತ್ಸೆಗೆ ಅಡ್ಡಿಯಾಗುತ್ತದೆ. ಊರ ಆಸ್ಪತ್ರೆಯಲ್ಲಿ ದೊರೆಯುವ ಅರ್ಧ ಗಂಟೆಯ ನೆರವು ದೂರದ ದೊಡ್ಡ ಆಸ್ಪತ್ರೆಗಿಂತ ಎಷ್ಟೋ ವೇಳೆ ಹೆಚ್ಚು ಫಲಕಾರಿ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು 2018ರಲ್ಲಿ ಮಾದಕ ವಸ್ತುಗಳ ಬೇಡಿಕೆಯನ್ನು ತಗ್ಗಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಆರಂಭಿಸಿತು. ಸಂಯುಕ್ತ ಪುನರ್ವಸತಿ ಕೇಂದ್ರಗಳು, ಅಪಾಯದ ಅಂಚಿನಲ್ಲಿರುವ ಮಕ್ಕಳ ನಡುವೆ ಅವರ ಓರಗೆಯವರ ಮೂಲಕವೇ ಕೆಲಸ ನಡೆಸುವ ಯೋಜನೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸಾ ವಿಭಾಗಗಳು, ಇವಕ್ಕೆ ಅದರಿಂದ ಅನುದಾನ ಸಲ್ಲುತ್ತದೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ 'ನಶಾಮುಕ್ತ ಭಾರತ' ಅಭಿಯಾನವೂ ಮೊದಲಾಯಿತು.

ಒಂದು ಲೆಕ್ಕ

ಈ ರಾಷ್ಟ್ರೀಯ ಕ್ರಿಯಾಯೋಜನೆಗೆ ಇತ್ತೀಚಿನ ಆಯವ್ಯಯಗಳಲ್ಲಿ ವರ್ಷಕ್ಕೆ 300 ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚನ್ನು ಮೀಸಲಿರಿಸಿದ್ದಾರೆ. ದೇಶದ ಜನಸಂಖ್ಯೆಯನ್ನು 140 ಕೋಟಿ ಎಂದಿಟ್ಟುಕೊಂಡರೆ ತಲೆಗೆ ವರ್ಷಕ್ಕೆ ಸುಮಾರು ಎರಡು ರೂಪಾಯಿ. ಇನ್ನೊಂದು ಕಡೆ, 2025-26ರ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು ಅಬಕಾರಿ ಇಲಾಖೆಗೆ ಗೊತ್ತುಮಾಡಿದ ವರಮಾನದ ಗುರಿ 40,000 ಕೋಟಿ ರೂಪಾಯಿ. ರಾಜ್ಯದ ಜನಸಂಖ್ಯೆಯನ್ನು ಏಳು ಕೋಟಿಯೆಂದು ಭಾವಿಸಿದರೆ ತಲೆಗೆ ಸುಮಾರು 5,700 ರೂಪಾಯಿ.

ಈ ಎರಡು ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಒಂದು ಕೇಂದ್ರದ ಬೊಕ್ಕಸ, ಇನ್ನೊಂದು ರಾಜ್ಯದ್ದು. ಆರೋಗ್ಯ ಇಲಾಖೆಗಳು ಚಿಕಿತ್ಸೆಗಾಗಿ ಮಾಡುವ ವೆಚ್ಚ ಮೊದಲನೆಯದರಲ್ಲಿ ಸೇರಿಲ್ಲ. ಅಬಕಾರಿಯ ಹಣದಿಂದ ಶಾಲೆ, ರಸ್ತೆ, ಆಸ್ಪತ್ರೆಗಳೂ ನಡೆಯುತ್ತವೆ. ಇಷ್ಟೆಲ್ಲವನ್ನೂ ಒಪ್ಪಿಕೊಂಡ ಮೇಲೆಯೂ, ವಸ್ತುವಿನ ಮಾರಾಟದಿಂದ ಬರುವ ಹಣಕ್ಕೂ ಅದರಿಂದಾದ ಗಾಯವನ್ನು ಮಾಯಿಸಲು ಹೋಗುವ ಹಣಕ್ಕೂ ನಡುವೆ ಇರುವ ಅಂತರವು ಕಣ್ಣಿಗೆ ಹೊಡೆಯುವಂತಿದೆ. ಅಬಕಾರಿಯ ನೂರು ರೂಪಾಯಿಯಲ್ಲಿ ಒಂದೇ ರೂಪಾಯಿಯನ್ನು ಎಳೆಯರ ಮೊದಲ ಹಂತದ ನೆರವಿಗೆ ತೆಗೆದಿಟ್ಟರೂ ರಾಜ್ಯದಲ್ಲಿ ಅದು ವರ್ಷಕ್ಕೆ 400 ಕೋಟಿಯಾಗುತ್ತದೆ. ಎಂದರೆ ಇಡೀ ದೇಶದ ಕ್ರಿಯಾಯೋಜನೆಗೆ ಇಂದು ದೊರೆಯುವುದಕ್ಕಿಂತ ಹೆಚ್ಚು. ಈ ವೆಚ್ಚ ನಷ್ಟವೂ ಅಲ್ಲ. ಚಿಕಿತ್ಸೆಗೆ ಹಾಕಿದ ಒಂದು ಡಾಲರಿನಿಂದ, ಅಪರಾಧ ಮತ್ತು ನ್ಯಾಯಾಲಯಗಳ ವೆಚ್ಚ ತಗ್ಗುವುದರ ಮೂಲಕ, ನಾಲ್ಕರಿಂದ ಏಳು ಡಾಲರು ಉಳಿಯುತ್ತದೆಂದು ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನ ಸಂಸ್ಥೆ ಅಂದಾಜುಮಾಡಿದೆ.

ಹಣವನ್ನು ಸರಿಯಾಗಿ, ಬಿಡದೆ ವೆಚ್ಚಮಾಡಿದರೆ ಏನಾಗಬಹುದೆಂಬುದಕ್ಕೆ ಐಸ್‌ಲ್ಯಾಂಡ್ ಸಾಕ್ಷಿ. ಆ ದೇಶದ ಜನಸಂಖ್ಯೆ ನಾಲ್ಕು ಲಕ್ಷವನ್ನು ಮೀರದು. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲಿಯೇ ಹನ್ನೆರಡೂವರೆ ಲಕ್ಷ ಜನರಿದ್ದರು. 1998ರಲ್ಲಿ ಅಲ್ಲಿಯ ಹದಿನೈದು ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಮತ್ತರಾದವರು ನೂರಕ್ಕೆ 42 ಮಂದಿ. 2016ರಲ್ಲಿ ಆ ಸಂಖ್ಯೆ 5ಕ್ಕೆ ಇಳಿದಿತ್ತು. ದಿನವೂ ಸಿಗರೇಟು ಸೇದುವವರು 23ರಿಂದ 3ಕ್ಕೆ ಇಳಿದಿದ್ದರು. ಅವರು ಮಾಡಿದುದೇನು? ಶಾಲೆಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಿ, ಫಲಿತಾಂಶವನ್ನು ಆಯಾ ಊರಿನ ತಂದೆತಾಯಿಗಳಿಗೂ ಪೌರಸಭೆಗೂ ತಡಮಾಡದೆ ತಿಳಿಸಿದರು. ಆಟ, ಸಂಗೀತ, ನೃತ್ಯದ ಸಂಘಗಳಿಗೆ ಸರ್ಕಾರದ ಹಣವನ್ನು ಹರಿಸಿದರು. ತಂದೆತಾಯಿಗಳು ಮಕ್ಕಳೊಡನೆ ಹೆಚ್ಚು ಹೊತ್ತನ್ನು ಕಳೆಯುವಂತೆ ಪ್ರೇರಿಸಿದರು. ಐಸ್‌ಲ್ಯಾಂಡ್ ಸಿರಿವಂತ ನಾಡು. ಅದರ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೆ ಅಳೆಯುವುದು, ಊರಿನವರಿಗೆ ತಿಳಿಸುವುದು, ವರ್ಷವರ್ಷವೂ ಬಿಡದೆ ನಡೆಸುವುದು, ಈ ಮೂರು ತತ್ತ್ವಗಳು ಯಾವ ನಾಡಿಗೂ ಸಲ್ಲುತ್ತವೆ.

ನಮ್ಮ ನಾಲ್ಕು ಊರುಗಳಲ್ಲಿ

ಹಾಗಾದರೆ ಈ ನಾಲ್ಕು ಊರುಗಳಲ್ಲಿ ಹಣವು ಯಾವುದಕ್ಕೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಭೇಟಿ ತಪ್ಪದಂತೆಯೂ ಔಷಧ ಮುಗಿಯದಂತೆಯೂ ನೋಡಿಕೊಳ್ಳುವುದಕ್ಕೆ ಮೊದಲನೆಯದಾಗಿ. ಪ್ರತಿ ಕಾಲೇಜಿಗೂ ಹಲವು ಪ್ರೌಢಶಾಲೆಗಳ ಗುಂಪಿಗೂ ಒಬ್ಬ ತರಬೇತಿ ಹೊಂದಿದ ಆಪ್ತಸಮಾಲೋಚಕನನ್ನು ಖಾಯಂ ಆಗಿ ನೇಮಿಸುವುದಕ್ಕೆ ಎರಡನೆಯದಾಗಿ. 2020ರಲ್ಲಿ ಮೊದಲಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಅಧ್ಯಾಪಕರಿಗೆ ತರಬೇತಿ ಕೊಡುವ ಏರ್ಪಾಡಿದ್ದು, ಅವರು ಕಲಿಸಬೇಕಾದ ಹನ್ನೊಂದು ವಿಷಯಗಳಲ್ಲಿ ಮಾದಕ ವಸ್ತುಗಳ ತಡೆಯೂ ಒಂದು. ಆದರೆ ಪಾಠದ ಹೊರೆಯನ್ನೂ ಹೊತ್ತ ಅಧ್ಯಾಪಕರೇ ಎಲ್ಲವನ್ನೂ ಮಾಡಲಾರರು. ಶಾಲೆ ಬಿಟ್ಟು ದುಡಿಯುವ ಎಳೆಯರನ್ನು ತಲಪುವುದಕ್ಕೆ ಮೂರನೆಯದಾಗಿ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ, ಚಿಂತಾಮಣಿಯ ಮಾರುಕಟ್ಟೆಯಲ್ಲಿ ದುಡಿಯುವ ತರುಣನನ್ನು ಶಾಲೆಯ ಹಾಜರಿ ಪುಸ್ತಕವು ಕಾಣಲಾರದು. ಅವನ ಬಳಿಗೆ ಯಾರಾದರೂ ನಡೆದುಕೊಂಡೇ ಹೋಗಬೇಕು.

ಈಗ ಇರುವ ನೆರವನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಎರಡಕ್ಕೂ ಶುಲ್ಕವಿಲ್ಲ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾನೂನು ಮದ್ಯ ಮಾದಕಗಳಿಂದಾದ ತೊಂದರೆಯನ್ನು ಮಾನಸಿಕ ಕಾಯಿಲೆಗಳಲ್ಲಿ ಸೇರಿಸಿ, ಸರ್ಕಾರದ ವೆಚ್ಚದಲ್ಲಿ ನಡೆಯುವ ಚಿಕಿತ್ಸೆಯನ್ನು ಪಡೆಯುವುದು ಎಲ್ಲರ ಹಕ್ಕೆಂದು ಸಾರಿದೆ. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂದೂ ವಿಧಿಸಿದೆ. 'ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿದಾರು' ಎಂಬ ಅಂಜಿಕೆ ಹಲವರಿಗುಂಟು. 1985ರ ಕಾನೂನಿನ 64ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಅಪರಾಧದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮನ್ನಣೆ ಪಡೆದ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ಶಿಕ್ಷೆ ಕಾದಿರುವುದು ಮಕ್ಕಳಿಗೆ ಇಂಥ ವಸ್ತುವನ್ನು ಕೊಡುವವರಿಗೆ: 2015ರ ಬಾಲನ್ಯಾಯ ಕಾನೂನಿನಂತೆ ಮದ್ಯ, ಮಾದಕ ದ್ರವ್ಯ ಅಥವಾ ತಂಬಾಕನ್ನು ಮಗುವಿಗೆ ಕೊಟ್ಟವನಿಗೆ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಪ್ರಶ್ನಿಸುವ ಮನೋಭಾವವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದಕ್ಕಾಗಿ ಬಾಳನ್ನು ಮುಡಿಪಾಗಿಟ್ಟ ಭೌತವಿಜ್ಞಾನದ ಅಧ್ಯಾಪಕ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ನಾಡಿನ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಕೇಳಲು ಕಲಿಯಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಕಳೆದ ತಿಂಗಳು ಎಷ್ಟು ದಿನ ಬಂದಿದ್ದರು? ನಮ್ಮ ಜಿಲ್ಲೆಗೆ ಈ ವರ್ಷ ಬಂದ ಅನುದಾನವೆಷ್ಟು, ಅದರಲ್ಲಿ ವೆಚ್ಚವಾದುದೆಷ್ಟು? ನಮ್ಮ ಕಾಲೇಜಿನಲ್ಲಿ ತೊಂದರೆಗೆ ಸಿಕ್ಕಿದ ಹುಡುಗನೊಬ್ಬ ಯಾರ ಬಾಗಿಲನ್ನು ತಟ್ಟಬೇಕು? 2005ರ ಮಾಹಿತಿ ಹಕ್ಕಿನ ಕಾನೂನು ಇಂಥ ಲೆಕ್ಕವನ್ನು ಕೇಳುವ ಅಧಿಕಾರವನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಮಳೆಗಾಲ ಬರುವುದಕ್ಕೆ ಮೊದಲು ಕಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ನೋಡಿಬರುವುದು ಕೆರೆಯನ್ನು ನಂಬಿದ ಊರಿನ ಪದ್ಧತಿ. ಚಿಕಿತ್ಸೆಯ ಹಣದ ಕಾಲುವೆಯನ್ನೂ ಹಾಗೆಯೇ ನೋಡಿಬರಬೇಕಾದವರು ನಾವು. ಏಕೆಂದರೆ ಅದರ ಕೊನೆಯಲ್ಲಿ ಕಾದು ನಿಂತಿರುವವರು ನಮ್ಮೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಿರುವ ಎಳೆಯರು.